ಮಾವಿನಕಾಯಿಯಲ್ಲದ ಮಾವಿನಕಾಯಿ: ಅಮೆರಿಕದ ಹಳ್ಳಿನುಡಿಯ ಚರಿತ್ರೆ

ಅಮೆರಿಕದ ಒಹಾಯೊ ಅಥವಾ ಇಂಡಿಯಾನಾ ರಾಜ್ಯದ ಹಳ್ಳಿಯೊಂದರಲ್ಲಿ ಹಳೆಯ ರೈತ ಕುಟುಂಬವೊಂದರ ಮನೆಗೆ ನೀವು ಅತಿಥಿಯಾಗಿ ಹೋಗಿದ್ದೀರೆಂದು ಊಹಿಸಿಕೊಳ್ಳಿ. ಮನೆಯ ಅಜ್ಜಿ, 'ಈ ಹೊತ್ತು ಊಟಕ್ಕೆ ಮ್ಯಾಂಗೊ ಮಾಡಿದ್ದೇನೆ' ಎನ್ನುತ್ತಾರೆ. ಪರದೇಶದಲ್ಲಿ ಮಾವಿನ ರುಚಿ ಸಿಕ್ಕಿತೆಂದು ನೀವು ಹಿಗ್ಗುತ್ತೀರಿ. ಆದರೆ ತಟ್ಟೆಗೆ ಬರುವುದು ಒಳಗೆ ಅನ್ನ, ಮಾಂಸ ತುಂಬಿ ಬೇಯಿಸಿದ ಹಸಿರು ದೊಣ್ಣೆಮೆಣಸಿನಕಾಯಿ! ಅಜ್ಜಿಗೆ ಅರಳುಮರಳಾಗಿಲ್ಲ. ಆ ಭಾಗದ ಹಿರಿಯರ ಬಾಯಲ್ಲಿ ದೊಣ್ಣೆಮೆಣಸಿನಕಾಯಿಗೆ 'ಮ್ಯಾಂಗೊ' ಎಂದೇ ಹೆಸರು.

ಈ ಹೆಸರು ಅಲ್ಲಿಗೆ ಹೋದದ್ದು ನಮ್ಮ ಪಶ್ಚಿಮ ಕರಾವಳಿಯಿಂದ. ಮಲೆಯಾಳ ಸೀಮೆಗೆ ಬಂದ ಪೋರ್ಚುಗೀಸರು ಅಲ್ಲಿನವರ 'ಮಾಂಗ' ಎಂಬ ಮಾತನ್ನು ತಮ್ಮದಾಗಿಸಿಕೊಂಡರು. 'ಮಾ' ಎಂದರೆ ಮಾವು, ಅದಕ್ಕೆ 'ಕಾಯಿ' ಸೇರಿ ಆದ ಮಾತು ಅದು. ನಮ್ಮ 'ಮಾವಿನಕಾಯಿ'ಯ ಒಡಹುಟ್ಟು. ಹಣ್ಣು ಹಡಗಿನ ದೀರ್ಘ ಪ್ರಯಾಣವನ್ನು ತಾಳದು. ಉಪ್ಪಿನಲ್ಲಿ ಹಾಕಿದ ಕಾಯಿ ತಾಳೀತು. ಹೀಗಾಗಿ ಹದಿನೇಳನೆಯ ಶತಮಾನದ ಇಂಗ್ಲೆಂಡಿನವರು 'ಮ್ಯಾಂಗೊ' ಎಂದು ತಿಳಿದದ್ದು ಬಹುಮಟ್ಟಿಗೆ ಉಪ್ಪಿನಕಾಯಿಯನ್ನೇ. ಮಾವು ದುರ್ಲಭವಾದಾಗ ಅವರು ಸೌತೆಕಾಯಿ, ಎಳೆಯ ಕರಬೂಜಗಳ ಒಳಗೆ ಮಸಾಲೆ ತುಂಬಿ, ವಿನಿಗರ್‌ನಲ್ಲಿ ಹಾಕಿಟ್ಟು, ಅದನ್ನೂ 'ಮ್ಯಾಂಗೊ' ಎಂದು ಕರೆದರು. ಅಮೆರಿಕಕ್ಕೆ ವಲಸೆ ಹೋದ ಗೃಹಿಣಿಯರು ದೊಣ್ಣೆಮೆಣಸಿನಕಾಯಿಯ ಒಳಗೆ ಎಲೆಕೋಸು ತುಂಬಿ ಅದೇ ಉಪ್ಪಿನಕಾಯಿ ಹಾಕಿದರು. ಕಾಲಕ್ರಮೇಣ ಉಪ್ಪಿನಕಾಯಿಯ ಹೆಸರು ಹಸಿ ಕಾಯಿಗೇ ನಿಂತಿತು. ಮೆಣಸಿನಕಾಯಿಯ ತವರು ಅಮೆರಿಕ ಖಂಡ. ಅದು ನಮ್ಮ ಕರಾವಳಿಗೆ ಬಂದದ್ದೂ ಪೋರ್ಚುಗೀಸರ ಮೂಲಕವೇ. ಅಲ್ಲಿನ ಕಾಯಿ ನಮ್ಮ ಅಡಿಗೆಮನೆಗೆ ಬಂತು; ನಮ್ಮ ಕಾಯಿಯ ಹೆಸರು ಅಲ್ಲಿನ ಕಾಯಿಯ ಮೇಲೆ ಹೋಗಿ ಕುಳಿತಿತು.

ಹಳ್ಳಿಯ ಅಜ್ಜಿಯೊಬ್ಬಳ ಬಾಯಿಮಾತಿನಲ್ಲಿ ಇಷ್ಟು ಚರಿತ್ರೆ ಅಡಗಿರುವಾಗ, ಅದನ್ನು 'ತಪ್ಪು ಮಾತು' ಎಂದು ನಕ್ಕುಬಿಡುವುದು ಸುಲಭ; ಕುಳಿತು ಕೇಳುವುದು ಕಷ್ಟ. ಹೀಗೆ ಕೇಳಿದವರ ಹಾಗೂ ಕೇಳಲೊಲ್ಲದವರ ಕಥೆಯನ್ನು ಈ ಲೇಖನದಲ್ಲಿ ನಿಮ್ಮ ಮುಂದಿಡಬಯಸುತ್ತೇನೆ.

ನದಿಗಳು ಉಳಿಸಿಕೊಂಡ ಹೆಸರು

ಅಮೆರಿಕದ ಸಂಯುಕ್ತ ಸಂಸ್ಥಾನದ ಉತ್ತರ ಮಧ್ಯಭಾಗದ ಹನ್ನೆರಡು ರಾಜ್ಯಗಳನ್ನು ಒಟ್ಟಾಗಿ 'ಮಿಡ್‌ವೆಸ್ಟ್' ಎನ್ನುತ್ತಾರೆ. ಪೂರ್ವದ ಒಹಾಯೊದಿಂದ ಪಶ್ಚಿಮದ ನೆಬ್ರಾಸ್ಕ, ಕ್ಯಾನ್ಸಸ್‌ಗಳವರೆಗೆ, ಉತ್ತರದ ಮಿನೆಸೋಟದಿಂದ ದಕ್ಷಿಣದ ಮಿಸೌರಿಯವರೆಗೆ ಹಬ್ಬಿದ ನಾಡಿದು. ಮೆಕ್ಕೆಜೋಳ, ಸೋಯಾ ಅವರೆ, ಗೋಧಿ, ಹೈನುಗಾರಿಕೆ ಇಲ್ಲಿನ ಜೀವಾಳ.

ಈ ನೆಲದ ಮೊದಲ ಮಾತು ಇಂಗ್ಲಿಷಲ್ಲ. ಮಿಸಿಸಿಪ್ಪಿ ಎಂದರೆ ಒಜಿಬ್ವೆ ಜನರ ಭಾಷೆಯಲ್ಲಿ 'ಮಹಾನದಿ'. ಮಿಶಿಗನ್ ಎಂದರೆ 'ದೊಡ್ಡ ನೀರು'. ನೆಬ್ರಾಸ್ಕ ಎಂಬುದು ಓಟೊ ಜನರ ನುಡಿಯಲ್ಲಿ 'ಚಪ್ಪಟೆ ನೀರು', ಅರ್ಥಾತ್ ಹರವಾಗಿ ಹರಿಯುವ ನದಿ. 1673ರಲ್ಲಿ ಲೂಯಿ ಜೊಲಿಯೆಯ ಜೊತೆಗೂಡಿ ದೋಣಿಯಲ್ಲಿ ಮಿಸಿಸಿಪ್ಪಿಯನ್ನು ಕಂಡ ಯೇಸುಸಭೆಯ ಗುರು ಜಾಕ್ ಮಾರ್ಕೆಟ್, ಆ ವೇಳೆಗಾಗಲೇ ಅಲ್ಲಿನ ಹಲವು ನುಡಿಗಳನ್ನು ಕಲಿತಿದ್ದರು. ಅವರ ಬಳಿಕ ಬಂದ ಯೇಸುಸಭೆಯವರು ಇಲಿನಾಯ್ ಜನರ ಮಾತುಗಳನ್ನು ದಪ್ಪ ಕೈಬರಹದ ನಿಘಂಟುಗಳಲ್ಲಿ ಬರೆದಿಟ್ಟರು. ಸ್ಲೊವೇನಿಯಾದಿಂದ ಬಂದ ಫ್ರೆಡ್ರಿಕ್ ಬರಾಗಾ ಎಂಬ ಗುರುಗಳು ಹಿಮದ ಮೇಲೆ ನಡೆಯುವ ಪಾದರಕ್ಷೆ ತೊಟ್ಟು, ಸುಪೀರಿಯರ್ ಸರೋವರದ ಸುತ್ತಲಿನ ಒಜಿಬ್ವೆ ಹಟ್ಟಿಗಳಿಗೆ ನಡೆದುಹೋಗುತ್ತಿದ್ದರು. 1850ರಲ್ಲಿ ಅವರು ಆ ಭಾಷೆಯ ವ್ಯಾಕರಣವನ್ನು, 1853ರಲ್ಲಿ ನಿಘಂಟನ್ನು ಪ್ರಕಟಿಸಿದರು. ಅದೇ 1853ರಲ್ಲಿ ಧರ್ಮಾಧ್ಯಕ್ಷರಾಗಿ ಅಭಿಷಿಕ್ತರಾದ ಅವರನ್ನು ಧರ್ಮಸಭೆ 2012ರಲ್ಲಿ 'ಪೂಜ್ಯ'ರೆಂದು ಘೋಷಿಸಿತು.

ಇದನ್ನು ಹೆಮ್ಮೆಯಿಂದ ಹೇಳುವಾಗ ಇನ್ನೊಂದನ್ನು ಮುಚ್ಚಿಡಲಾಗದು. ಆ ಮೂಲನಿವಾಸಿಗಳನ್ನು ಅವರ ನೆಲದಿಂದ ಒಕ್ಕಲೆಬ್ಬಿಸಲಾಯಿತು. ಅವರ ಮಕ್ಕಳನ್ನು ವಸತಿ ಶಾಲೆಗಳಿಗೆ ಒಯ್ದು, ತಾಯ್ನುಡಿ ಆಡಿದರೆ ಶಿಕ್ಷಿಸಲಾಯಿತು. ಅಂಥ ಶಾಲೆಗಳಲ್ಲಿ ಹಲವನ್ನು ನಡೆಸಿದವರು ಕಥೋಲಿಕ ಸಂಸ್ಥೆಗಳೇ. 2024ರ ಜೂನ್‌ನಲ್ಲಿ ಅಮೆರಿಕದ ಧರ್ಮಾಧ್ಯಕ್ಷರು ಇದಕ್ಕಾಗಿ ಕ್ಷಮೆ ಕೋರಿದರು. ಒಬ್ಬ ಗುರು ಮೈಲಿಗಟ್ಟಲೆ ಹಿಮದಲ್ಲಿ ನಡೆದು ಕಲಿತ ಭಾಷೆಯನ್ನು, ಅದೇ ಧರ್ಮಸಭೆಯ ಇತರರು ಮಗುವಿನ ನಾಲಗೆಯಿಂದ ಕಿತ್ತುಹಾಕಲು ಯತ್ನಿಸಿದರು. ಎರಡೂ ನಮ್ಮದೇ ಚರಿತ್ರೆ.

ಮೂರು ದಾರಿ, ಮೂರು ಮಾತು

ಇಂಗ್ಲಿಷ್ ಮಾತು ಈ ನಾಡಿಗೆ ಮೂರು ದಾರಿಗಳಲ್ಲಿ ಬಂತು. 1825ರಲ್ಲಿ ಈರಿ ಕಾಲುವೆ ತೆರೆದ ಮೇಲೆ ಈಶಾನ್ಯದ ನ್ಯೂ ಇಂಗ್ಲೆಂಡ್ ಹಾಗೂ ನ್ಯೂಯಾರ್ಕ್ ಸೀಮೆಯವರು ಮಹಾಸರೋವರಗಳ ದಂಡೆಯಗುಂಟ ಮಿಶಿಗನ್, ವಿಸ್ಕಾನ್ಸಿನ್‌ಗಳಿಗೆ ಬಂದರು. ಪೆನ್ಸಿಲ್ವೇನಿಯದವರು ಬೆಟ್ಟಗಳನ್ನು ದಾಟಿ ಒಹಾಯೊ, ಇಂಡಿಯಾನಾ, ಇಲಿನಾಯ್‌ಗಳ ನಡುಭಾಗದಲ್ಲಿ ನೆಲೆಸಿದರು. ಕೆಂಟಕಿ, ವರ್ಜೀನಿಯಗಳ ಬಡ ರೈತರು ಒಹಾಯೊ ನದಿಯನ್ನು ದಾಟಿ ದಕ್ಷಿಣದಿಂದ ಏರಿಬಂದರು. 1816ರಲ್ಲಿ ಕೆಂಟಕಿಯಿಂದ ಇಂಡಿಯಾನಾಕ್ಕೆ ವಲಸೆ ಬಂದ ಇಂಥದೊಂದು ಕುಟುಂಬದ ಬಾಲಕನೇ ಮುಂದೆ ರಾಷ್ಟ್ರಾಧ್ಯಕ್ಷನಾದ ಅಬ್ರಹಾಂ ಲಿಂಕನ್.

ಗಾಡಿಯಲ್ಲಿ ಪಾತ್ರೆಪಗಡಗಳೊಡನೆ ಅವರವರ ಮಾತುಗಳೂ ಬಂದವು. ಹಾಲು ಕರೆಯುವ ಬಕೆಟ್ಟಿಗೆ ಉತ್ತರದವರು 'ಪೇಲ್' ಎಂದರೆ, ಮಧ್ಯ ಹಾಗೂ ದಕ್ಷಿಣದವರು 'ಬಕೆಟ್' ಎಂದರು. ಸಂಜೆ ಹಸುವನ್ನು ಹಟ್ಟಿಗೆ ಕೂಗುವಾಗ ಉತ್ತರದ ರೈತ 'ಕೊ ಬಾಸ್' ಎನ್ನುತ್ತಿದ್ದ. ಪೆನ್ಸಿಲ್ವೇನಿಯದ ಕಡೆಯವನು 'ಸೂಕ್, ಸೂಕ್' ಎನ್ನುತ್ತಿದ್ದ. ಹಾನ್ಸ್ ಕುರಾತ್ ಎಂಬ ವಿದ್ವಾಂಸರು 1949ರಲ್ಲಿ ಅಮೆರಿಕದ ಪೂರ್ವ ರಾಜ್ಯಗಳ ಪದ ಭೂಗೋಳವನ್ನು ಪ್ರಕಟಿಸಿದಾಗ, ಉತ್ತರ, ಮಧ್ಯ, ದಕ್ಷಿಣ ಎಂಬ ನುಡಿಸೀಮೆಗಳನ್ನು ಗುರುತಿಸಲು ಬಳಸಿದ್ದು ಇಂಥ ಹಟ್ಟಿಯ, ಅಡಿಗೆಮನೆಯ ಮಾತುಗಳನ್ನೇ. ಹಸುವನ್ನು ಕೂಗುವ ಕೂಗೇ ಆ ರೈತನ ಅಜ್ಜ ಯಾವ ದಾರಿಯಿಂದ ಬಂದನೆಂಬುದನ್ನು ಹೇಳುತ್ತಿತ್ತು.

1862ರ ಹೋಂಸ್ಟೆಡ್ ಕಾಯಿದೆ, ಐದು ವರ್ಷ ನೆಲೆಸಿ ಉಳುಮೆ ಮಾಡಿದವನಿಗೆ 160 ಎಕರೆ ಭೂಮಿಯನ್ನು ಕೊಟ್ಟಿತು. ಜರ್ಮನರು, ನಾರ್ವೆಯವರು, ಸ್ವೀಡನ್ನಿನವರು, ಚೆಕ್ ಜನರು, ಫಿನ್‌ಲ್ಯಾಂಡಿನವರು ಅಲೆಅಲೆಯಾಗಿ ಬಂದರು. ಮಿನೆಸೋಟದ ರೈತ ಇಂದಿಗೂ ಭಾರ ಎತ್ತುವಾಗ, ಕೆಟ್ಟ ಸುದ್ದಿ ಕೇಳಿದಾಗ 'ಉಫ್ ದಾ' ಎಂದು ನಿಟ್ಟುಸಿರುಬಿಡುತ್ತಾನೆ. ಅದು ನಾರ್ವೆಯ ಮಾತು. ಹೊರಗೆ ಹೊರಟವರು 'ನೀನೂ ಜೊತೆಗೆ ಬರುತ್ತೀಯಾ?' ಎನ್ನುವಾಗ 'ಕಮ್ ವಿತ್' ಎಂದಷ್ಟೇ ಹೇಳಿ ನಿಲ್ಲಿಸುತ್ತಾರೆ. 'ಯಾರ ಜೊತೆಗೆ?' ಎಂದು ಇತರ ಇಂಗ್ಲಿಷರು ಕೇಳಬೇಕು. ಆದರೆ ಜರ್ಮನ್, ನಾರ್ವೇಜಿಯನ್ ಭಾಷೆಗಳಲ್ಲಿ ಅಷ್ಟೇ ಸಾಕು. ಪದ ಇಂಗ್ಲಿಷಿನದು, ಬೆನ್ನೆಲುಬು ಅಜ್ಜನ ಊರಿನದು. ಅಮೆರಿಕದ ಮೊದಲ ಕಿಂಡರ್‌ಗಾರ್ಟನ್ ಕೂಡ ವಿಸ್ಕಾನ್ಸಿನ್‌ನ ವಾಟರ್‌ಟೌನಿನಲ್ಲಿ 1856ರಲ್ಲಿ ಜರ್ಮನ್ ಮಹಿಳೆ ಮಾರ್ಗರೆಟ್ ಶುರ್ಟ್ಸ್ ತೆರೆದದ್ದು. ಆ ಪದವನ್ನು ಇಂದು ನಮ್ಮ ಮಕ್ಕಳೂ ಬಲ್ಲರು.

ಊಟದ ಮೇಜು, ಹೊಲದ ಬದು

ಹಳೆಯ ರೈತಮನೆಗಳಲ್ಲಿ 'ಡಿನ್ನರ್' ಎಂದರೆ ಮಧ್ಯಾಹ್ನದ ಊಟ. ಮುಂಜಾನೆಯೇ ಹಾಲು ಕರೆದು, ಹೊಲಕ್ಕೆ ಹೋಗಿ ದುಡಿದವನಿಗೆ ನಡುಹಗಲಲ್ಲೇ ದೊಡ್ಡ ಊಟ ಬೇಕು. ರಾತ್ರಿಯದು 'ಸಪ್ಪರ್'. ನಗರದ ಬಂಧು 'ಡಿನ್ನರಿಗೆ ಬನ್ನಿ' ಎಂಬ ಕರೆಗೆ ರಾತ್ರಿ ಬಂದರೆ, ಆ ಹೊತ್ತಿಗೆ ಪಾತ್ರೆ ತೊಳೆದು ಎಷ್ಟೋ ತಾಸುಗಳಾಗಿರುತ್ತಿದ್ದವು! ಒಬ್ಬೊಬ್ಬರು ಒಂದೊಂದು ಅಡಿಗೆ ತಂದು ಹಂಚಿ ಉಣ್ಣುವ ಕೂಟಕ್ಕೆ ಇಂಡಿಯಾನಾದವರು 'ಪಿಚ್ ಇನ್' ಎನ್ನುತ್ತಾರೆ. ಕೈಜೋಡಿಸು ಎಂದು ಅದರ ಅರ್ಥ. ಈಶಾನ್ಯ ವಿಸ್ಕಾನ್ಸಿನ್‌ನಲ್ಲಿ ನೆಲೆಸಿದ ಬೆಲ್ಜಿಯಂ ಮೂಲದ ಕಥೋಲಿಕರು ಧರ್ಮಕೇಂದ್ರದ ಜಾತ್ರೆಗೆ ದೊಡ್ಡ ಕಡಾಯಿಯಲ್ಲಿ ಕೋಳಿ, ತರಕಾರಿಗಳ ಸಾರು ಕಾಯಿಸುತ್ತಾರೆ. ಅದರ ಹೆಸರು 'ಬೂಯಾ'. ಶುಕ್ರವಾರದ 'ಫಿಶ್ ಫ್ರೈ' ಆ ರಾಜ್ಯದ ಮನೆಮಾತು. ಶುಕ್ರವಾರ ಮಾಂಸ ತ್ಯಜಿಸುತ್ತಿದ್ದ ಜರ್ಮನ್, ಪೋಲಿಷ್ ಕಥೋಲಿಕರ ಪದ್ಧತಿಯಿಂದ ಬೆಳೆದ ಈ ಮೀನಿನ ಊಟಕ್ಕೆ ಇಂದು ಎಲ್ಲ ಪಂಗಡದವರೂ ಸಾಲುಗಟ್ಟುತ್ತಾರೆ.

ಮದುವೆಯಾದ ರಾತ್ರಿ ನೆರೆಹೊರೆಯವರು ಹೊಸ ದಂಪತಿಗಳ ಮನೆ ಮುಂದೆ ತಟ್ಟೆ, ಬಾಣಲೆ ಬಡಿದು ಗದ್ದಲವೆಬ್ಬಿಸಿ, ತಿಂಡಿ ಕೊಡುವವರೆಗೆ ಕದಲದಿರುವ ರೂಢಿಯೊಂದಿತ್ತು. 'ಶಿವರೀ' ಎಂಬ ಅದರ ಹೆಸರು ಫ್ರೆಂಚರ 'ಶಾರಿವಾರಿ'ಯಿಂದ ಬಂದುದು. ಮಿಸಿಸಿಪ್ಪಿ ಕಣಿವೆಯ ಫ್ರೆಂಚ್ ನೆಲೆಗಳಿಂದ ಹಳ್ಳಿಹಳ್ಳಿಗೆ ಹರಡಿತು.

ಗಾದೆಗಳಲ್ಲಿ ಹೊಲದ ಲೆಕ್ಕವಿದೆ. 'ನೀ ಹೈ ಬೈ ದ ಫೋರ್ತ್ ಆಫ್ ಜುಲೈ' ಎಂದು ಪ್ರಾಸಕಟ್ಟಿ ಹೇಳುತ್ತಾರೆ: ಜುಲೈ 4ರ ಸ್ವಾತಂತ್ರ್ಯ ದಿನದ ವೇಳೆಗೆ ಮೆಕ್ಕೆಜೋಳ ಮೊಣಕಾಲೆತ್ತರ ಬಂದಿದ್ದರೆ ಬೆಳೆ ಕೈಹಿಡಿಯುತ್ತದೆ. ಇಂದು ಹೈಬ್ರಿಡ್ ಬಿತ್ತನೆಯಿಂದ, ಬೇಗನೆ ಬಿತ್ತುವುದರಿಂದ, ಆ ದಿನಕ್ಕೆ ಪೈರು ಆಳೆತ್ತರ ನಿಂತಿರುವುದೂ ಉಂಟು. ಗಾದೆ ಮಾತ್ರ ಮೊಣಕಾಲಲ್ಲೇ ಇದೆ. 'ಓಕ್ ಮರದ ಎಲೆ ಅಳಿಲಿನ ಕಿವಿಯಷ್ಟಾದಾಗ ಜೋಳ ಬಿತ್ತು' ಎಂಬುದು ಇನ್ನೊಂದು. ಪಂಚಾಂಗದ ತಾರೀಖು ಎಲ್ಲ ವರ್ಷವೂ ಒಂದೇ. ಆದರೆ ಮಣ್ಣು ಬೆಚ್ಚಗಾದುದನ್ನು ಮರ ಬಲ್ಲದು. ಇದನ್ನು ವಲಸೆಗಾರರು ಮೂಲನಿವಾಸಿಗಳಿಂದ ಕಲಿತರೆಂಬ ನಂಬಿಕೆಯಿದೆ. ದಕ್ಷಿಣದ ದಾರಿಯಿಂದ ಬಂದವರ ಮಾತು ಮತ್ತೊಂದು: 'ದೇವರ ಚಿತ್ತವಿದ್ದು, ಹಳ್ಳ ಉಕ್ಕದಿದ್ದರೆ ಬರುತ್ತೇನೆ.' ಸೇತುವೆಯಿಲ್ಲದ ಕಾಲದಲ್ಲಿ ಮಾತು ಕೊಟ್ಟವನಿಗೆ ಹಳ್ಳವೇ ಅಡ್ಡಿ. ಸಂತ ಯಕೋಬನು ತನ್ನ ಪತ್ರದಲ್ಲಿ ನಾಳೆಯ ಬಗ್ಗೆ ಹೇಗೆ ಮಾತನಾಡಬೇಕೆಂದು ಕಲಿಸಿದನೋ ಹಾಗೆಯೇ ಈ ರೈತನೂ ಮಾತನಾಡುತ್ತಾನೆ. ಜೊತೆಗೆ ಹಳ್ಳವನ್ನೂ ಮರೆಯುವುದಿಲ್ಲ.

ಬಾಯಿಗೆ ಬಿದ್ದ ಬೀಗ

ಇಷ್ಟು ನಾಲಗೆಗಳು ಒಟ್ಟಿಗೆ ಬಾಳಿದ ನಾಡಿನಲ್ಲಿ ಒಂದು ದಿನ ಭಯ ಹೊಕ್ಕಿತು. 1917ರ ಏಪ್ರಿಲ್‌ನಲ್ಲಿ ಅಮೆರಿಕ ಜರ್ಮನಿಯ ವಿರುದ್ಧ ಯುದ್ಧಕ್ಕಿಳಿಯಿತು. 1918ರ ಮೇ 23ರಂದು ಅಯೋವಾ ರಾಜ್ಯಪಾಲ ವಿಲಿಯಂ ಹಾರ್ಡಿಂಗ್ ಒಂದು ಘೋಷಣೆ ಹೊರಡಿಸಿದರು: ಶಾಲೆಗಳಲ್ಲಿ, ಸಾರ್ವಜನಿಕ ಸ್ಥಳಗಳಲ್ಲಿ, ರೈಲಿನಲ್ಲಿ, ದೂರವಾಣಿಯಲ್ಲಿ, ಭಾಷಣಗಳಲ್ಲಿ ಇಂಗ್ಲಿಷ್ ಒಂದೇ ನಡೆಯಬೇಕು, ಇಂಗ್ಲಿಷ್ ಬಾರದವರು ಬೇಕಿದ್ದರೆ ಮನೆಯಲ್ಲಿ ಆರಾಧನೆ ಮಾಡಿಕೊಳ್ಳಲಿ. ಜನರು ಇದನ್ನು 'ಬಾಬೆಲ್ ಘೋಷಣೆ' ಎಂದು ಕರೆದರು. ಗುರಿ ಜರ್ಮನರಾದರೂ ಏಟು ಬಿದ್ದದ್ದು ನಾರ್ವೆ, ಡೆನ್ಮಾರ್ಕ್, ಹಾಲೆಂಡ್, ಬೊಹೀಮಿಯಗಳಿಂದ ಬಂದವರಿಗೂ. ಹರೆಯದಲ್ಲಿ ಕಡಲು ದಾಟಿ ಬಂದು, ಹೊಲ, ಮನೆ, ಮಕ್ಕಳ ನಡುವೆ ಮುದುಕಿಯಾದ ಹೆಂಗಸು ತನಗೆ ತಿಳಿಯುವ ಒಂದೇ ಭಾಷೆಯ ಪ್ರಬೋಧನೆಯನ್ನು ದೇವಾಲಯದಲ್ಲಿ ಕೇಳುವಂತಿರಲಿಲ್ಲ. ಸ್ಕಾಟ್ ಕೌಂಟಿಯಲ್ಲಿ ದೂರವಾಣಿಯಲ್ಲಿ ಜರ್ಮನ್ ಮಾತನಾಡಿದರೆಂದು ಕೆಲವು ಹೆಂಗಸರಿಗೆ 225 ಡಾಲರ್ ದಂಡ ಬಿತ್ತು. ಜರ್ಮೇನಿಯ ಎಂಬ ಊರು ಹೆದರಿ ತನ್ನ ಹೆಸರನ್ನು ಲಕೋಟಾ ಎಂದು ಬದಲಿಸಿಕೊಂಡಿತು. ಲಕೋಟಾ ಎಂಬುದು ಆ ಮೊದಲೇ ನೆಲ ಕಳೆದುಕೊಂಡ ಮೂಲನಿವಾಸಿ ಜನಾಂಗವೊಂದರ ಹೆಸರು.

ಯುದ್ಧ ಮುಗಿದ ಮೇಲೆ, ಅದೇ ವರ್ಷದ ಡಿಸೆಂಬರ್‌ನಲ್ಲಿ ಘೋಷಣೆ ರದ್ದಾಯಿತು; ಭಯ ರದ್ದಾಗಲಿಲ್ಲ. 1919ರಲ್ಲಿ ನೆಬ್ರಾಸ್ಕ ರಾಜ್ಯ, ಎಂಟನೆಯ ತರಗತಿ ದಾಟದ ಮಕ್ಕಳಿಗೆ ಪರಭಾಷೆ ಕಲಿಸುವುದನ್ನು ನಿಷೇಧಿಸಿತು. 1920ರ ಮೇ 25ರಂದು ಹ್ಯಾಂಪ್ಟನ್ ಹಳ್ಳಿಯ ಲೂಥರನ್ ಶಾಲೆಯ ಉಪಾಧ್ಯಾಯ ರಾಬರ್ಟ್ ಮೆಯರ್ ಹತ್ತು ವರ್ಷದ ಹುಡುಗನಿಗೆ ಬೈಬಲ್ ಕಥೆಗಳ ಪುಸ್ತಕದಿಂದ ಜರ್ಮನ್ ಓದಲು ಕಲಿಸುತ್ತಿದ್ದರು. ಆ ತಪ್ಪಿಗೆ ಅವರಿಗೆ 25 ಡಾಲರ್ ದಂಡ ವಿಧಿಸಲಾಯಿತು. ಅವರು ದಂಡ ತೆತ್ತು ಸುಮ್ಮನಾಗಲಿಲ್ಲ. 1923ರ ಜೂನ್ 4ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಆ ಕಾಯಿದೆಯನ್ನು ಅಸಿಂಧುಗೊಳಿಸಿತು. ಮಕ್ಕಳಿಗೆ ಏನು ಕಲಿಸಬೇಕೆಂಬುದರಲ್ಲಿ ತಂದೆತಾಯಿಗಳಿಗೆ ಹಕ್ಕುಂಟು ಎಂಬ ವಿಚಾರದಲ್ಲಿ ಇಂದಿಗೂ ಉಲ್ಲೇಖಗೊಳ್ಳುವ ತೀರ್ಪು ಅದು.

ತೀರ್ಪಿನಿಂದ ಶಾಲೆಯ ಬಾಗಿಲು ತೆರೆಯಿತು. ಮನೆಯ ಬಾಗಿಲು ತೆರೆಯಬೇಕಲ್ಲ? ಎಷ್ಟೋ ತಂದೆತಾಯಿಗಳು ಮಕ್ಕಳ ಮುಂದೆ ತಮ್ಮ ಮಾತನ್ನು ಆಡುವುದನ್ನೇ ನಿಲ್ಲಿಸಿದ್ದರು. ಕಾಯಿದೆ ಕೊಲ್ಲದುದನ್ನು ನಾಚಿಕೆ ಕೊಂದಿತು. ಇಂಗ್ಲಿಷೇ ಆಡುತ್ತಿದ್ದ ಹಳ್ಳಿಗರಿಗೂ ಇದೇ ಗತಿ. ಪಟ್ಟಣದ ಶಾಲೆಯಲ್ಲಿ 'ಕ್ರೀಕ್' ಎಂಬುದನ್ನು 'ಕ್ರಿಕ್' ಎಂದ ಹುಡುಗ, ಮಧ್ಯಾಹ್ನದ ಊಟವನ್ನು 'ಡಿನ್ನರ್' ಎಂದ ಹುಡುಗಿ ನಗೆಪಾಟಲಾದರು. ಅಂಗಡಿಗೆ ನಿಜವಾದ ಮಾವು ಬಂದಾಗ ಅಜ್ಜಿಯ 'ಮ್ಯಾಂಗೊ' ಮೊಮ್ಮಕ್ಕಳಿಗೆ ತಮಾಷೆಯಾಯಿತು.

ಬಾಗಿಲು ತಟ್ಟಿ ಕೇಳಿದವರು

ಆ ಹೊತ್ತಿಗೆ ಕೇಳುವವರೂ ಬಂದರು. ಜಮೈಕಾದಲ್ಲಿ 1907ರಲ್ಲಿ ಹುಟ್ಟಿ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಫ್ರೆಡ್ರಿಕ್ ಕ್ಯಾಸಿಡಿ, ಅಮೆರಿಕದ ಪ್ರಾದೇಶಿಕ ನುಡಿಗಳ ನಿಘಂಟೊಂದನ್ನು ಕೈಗೆತ್ತಿಕೊಂಡರು. 1965ರಿಂದ 1970ರವರೆಗೆ ಅವರ ಕಾರ್ಯಕರ್ತರು 'ಪದಗಾಡಿ'ಗಳೆಂದು ಹೆಸರಾದ ವ್ಯಾನುಗಳಲ್ಲಿ ದೇಶವಿಡೀ ಸುತ್ತಿದರು. 1,002 ಊರುಗಳಲ್ಲಿ 2,777 ಜನರ ಮುಂದೆ ಕುಳಿತು 1,600ಕ್ಕೂ ಹೆಚ್ಚು ಪ್ರಶ್ನೆಗಳನ್ನು ಕೇಳಿದರು. ಜೋರು ಮಳೆಗೆ ಏನೆನ್ನುತ್ತೀರಿ? ಹಸುವನ್ನು ಹೇಗೆ ಕೂಗುತ್ತೀರಿ? ಜಿಪುಣನಿಗೆ ಯಾವ ಹೆಸರು? ಉತ್ತರಿಸಿದವರಲ್ಲಿ ಹೆಚ್ಚಿನವರು ವೃದ್ಧರು. ತಮ್ಮ ಮಾತಿಗೆ ಬೆಲೆಯಿದೆಯೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಈಗ ವಿಶ್ವವಿದ್ಯಾಲಯದ ತರುಣನೊಬ್ಬ ಅವರ ಅಡಿಗೆಮನೆಯಲ್ಲಿ ಕುಳಿತು, ಅವರ ಮಾತನ್ನು ತಿದ್ದದೆ, ಅಕ್ಷರ ಅಕ್ಷರ ಬರೆದುಕೊಳ್ಳುತ್ತಿದ್ದ.

ನಿಘಂಟಿನ ಮೊದಲ ಸಂಪುಟ 1985ರಲ್ಲಿ ಬಂತು. ಕ್ಯಾಸಿಡಿ 2000ದಲ್ಲಿ ತೀರಿಕೊಂಡಾಗ ಕೆಲಸ ಇನ್ನೂ ಅಪೂರ್ಣ. ಕೊನೆಯ ಅಕ್ಷರದ ಕಡೆಗೆ ಸಾಗೋಣ ಎಂಬರ್ಥದ 'ಆನ್ ಟು ಝೀ' ಎಂಬ ಮಾತು ಅವರ ಸಮಾಧಿಯ ಕಲ್ಲಿನ ಮೇಲಿದೆ. ಜೋನ್ ಹ್ಯೂಸ್ಟನ್ ಹಾಲ್ ಎಂಬ ಸಂಪಾದಕಿ ಕೆಲಸವನ್ನು ಮುಂದುವರಿಸಿ, 2012ರಲ್ಲಿ ಐದನೆಯ ಸಂಪುಟದೊಡನೆ ಕೊನೆಯ ಅಕ್ಷರವನ್ನು ಮುಟ್ಟಿಸಿದರು.

ಇಲಿನಾಯ್ ಜನರ ಮಾತುಗಳನ್ನು ಯೇಸುಸಭೆಯವರು ಬರೆದಿಟ್ಟರೆಂದು ಮೇಲೆ ಹೇಳಿದೆನಷ್ಟೆ. ಮಯಾಮಿ ಜನರೂ ಆಡುತ್ತಿದ್ದ ಆ ಭಾಷೆಯನ್ನು ನಿರರ್ಗಳವಾಗಿ ಬಲ್ಲ ಕೊನೆಯ ಹಿರಿಯರು ಇಪ್ಪತ್ತನೆಯ ಶತಮಾನದಲ್ಲಿ ಕಣ್ಮುಚ್ಚಿದರು. ಆದರೆ 2001ರಿಂದ ಒಹಾಯೊದ ಮಯಾಮಿ ವಿಶ್ವವಿದ್ಯಾಲಯದ ಕೇಂದ್ರವೊಂದರಲ್ಲಿ, ಆ ಹಳೆಯ ಕೈಬರಹದ ನಿಘಂಟುಗಳನ್ನೂ ಆಧರಿಸಿ, ಆ ಜನಾಂಗದವರೇ ಭಾಷೆಯನ್ನು ಮತ್ತೆ ಕಲಿಯುತ್ತಿದ್ದಾರೆ. ಅವರ ಮನೆಗಳ ಮಕ್ಕಳ ಬಾಯಲ್ಲಿ ಆ ಮಾತುಗಳು ಮರಳಿ ಬಂದಿವೆ. ಯಾರದೋ ಗುಡಿಸಲಲ್ಲಿ ಕುಳಿತು, ದೀಪದ ಬೆಳಕಲ್ಲಿ ಪದ ಬರೆದುಕೊಂಡ ಗುರುಗಳಿಗೆ ತಮ್ಮ ಹಾಳೆಗಳು ಯಾರ ಕೈ ಸೇರುವುವೆಂದು ತಿಳಿದಿರಲಿಲ್ಲ.

ಓದುಗರೇ, ಬಾಬೆಲಿನಲ್ಲಿ ಭಾಷೆಗಳು ಚದರಿದ ಕಥೆ ನಮಗೆಲ್ಲ ಗೊತ್ತು. ಆದರೆ ಪಂಚಾಶತ್ತಮ ದಿನದಂದು ಪವಿತ್ರಾತ್ಮರು ಆ ಭಾಷೆಗಳನ್ನು ಅಳಿಸಿ ಒಂದನ್ನೇ ಉಳಿಸಲಿಲ್ಲ. ಪ್ರತಿಯೊಬ್ಬನೂ ತನ್ನ ತನ್ನ ಹುಟ್ಟುನುಡಿಯಲ್ಲೇ ಕೇಳಿದನು. ಅಯೋವಾದ ಘೋಷಣೆಗೆ ಹೊಳೆಯದ ಸಂಗತಿ ಇದು. ಹಿಮದಲ್ಲಿ ನಡೆದ ಬರಾಗಾ ಅವರಿಗೆ, ಪದಗಾಡಿಯಲ್ಲಿ ಅಲೆದ ತರುಣರಿಗೆ ಹೊಳೆದ ಸಂಗತಿ.

ನಿಮ್ಮ ಮನೆಯ ಹಿರಿಯರೊಬ್ಬರು ಮುಂದಿನ ಬಾರಿ ನಿಮಗೆ ಅರ್ಥವಾಗದ ಮಾತೊಂದನ್ನು ಆಡಿದಾಗ, ಅಥವಾ ತಪ್ಪೆಂದು ತೋರುವ ಹೆಸರಿನಿಂದ ಒಂದು ಕಾಯಿಯನ್ನು ಕರೆದಾಗ, ನಗುವ ಮುನ್ನ ಕೇಳಿರಿ: 'ಅಜ್ಜಿ, ಇದಕ್ಕೆ ಹಾಗೇಕೆ ಅನ್ನುತ್ತೀರಿ?' ಅವರಿಗೂ ಉತ್ತರ ತಿಳಿಯದಿರಬಹುದು. ಆದರೂ ಆ ಮಾತನ್ನು, ಅದನ್ನು ಆಡಿದವರ ಹೆಸರನ್ನು, ದಿನಾಂಕವನ್ನು ಒಂದು ಪುಸ್ತಕದಲ್ಲಿ ಬರೆದಿಡಿ.